ಸಾರಿನ ಪುಡಿಗೆ ಹೊಸ ಅಂಗಿ

ಮನುಷ್ಯನನ್ನು ಅವನ ಉಡುಪಿನಿಂದ ಅಳೆಯಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಅಂಗಡಿಯ ಕಪಾಟಿನಲ್ಲಿ ಕುಳಿತ ಸಾರಿನ ಪುಡಿಗೆ ಈ ಮಾತು ಸಲ್ಲದು. ಅದರ ರುಚಿ ನಾಲಗೆಗೆ ತಿಳಿಯುವುದು ಹಣ ಕೊಟ್ಟು ಮನೆಗೆ ತಂದಮೇಲೆ. ಅಲ್ಲಿಯವರೆಗೆ ಅದರ ಪರವಾಗಿ ಮಾತನಾಡಬೇಕಾದುದು ಪೊಟ್ಟಣವೇ ಅಲ್ಲವೆ?

ಹಳ್ಳಿಮೈಸೂರಿನಲ್ಲಿ ನಮ್ಮ ಚಿಕ್ಕಮ್ಮನೂ ಅವರ ಸಂಘದ ಹೆಂಗಸರೂ ಸಾರಿನ ಪುಡಿ, ಹುಳಿ ಪುಡಿ, ವಾಂಗಿಭಾತಿನ ಪುಡಿ, ಚಟ್ನಿ ಪುಡಿಗಳನ್ನು ಮಾಡಿ ಮಾರುತ್ತಾರೆ. ಒಳಗಿರುವುದು ಕಾಣುವ ಪ್ಲಾಸ್ಟಿಕ್ ಕವರು, ಅದರಲ್ಲೊಂದು ಚೀಟಿ, ಮೇಲೊಂದು ಪಿನ್ನು, ಇಷ್ಟೇ ಆ ಪುಡಿಗಳ ಉಡುಪಾಗಿತ್ತು. ಸುತ್ತಮುತ್ತಲಿನವರಿಗೆ ಅದು ಸಾಕಾಗಿತ್ತು. ಮಾಡುವವರನ್ನು ಕೊಳ್ಳುವವರು ಬಲ್ಲರು. ಮುಖಪರಿಚಯವಿದ್ದಲ್ಲಿ ಮುದ್ರಣದ ಹಂಗೇಕೆ? ಹಾಸನಕ್ಕೂ ಬೆಂಗಳೂರಿಗೂ ಪುಡಿ ಕಳುಹಿಸಬೇಕೆಂದು ಸಂಘ ನಿಶ್ಚಯಿಸಿದಾಗ ಹೊಸ ಪೊಟ್ಟಣದ ಮಾತು ಬಂತು. ರಜೆಯಲ್ಲಿ ಮನೆಯಲ್ಲಿದ್ದ ನನ್ನ ಪಾಲಿಗೆ ಆ ಕೆಲಸದ ಓಡಾಟ ಬಿತ್ತು.

ಕಾಣದ ಕೈಯ ಅಡುಗೆಯಲ್ಲಿ ನಂಬಿಕೆ ಹುಟ್ಟಿಸುವುದು ಸಣ್ಣ ಕೆಲಸವಲ್ಲ. ಬೆಂಗಳೂರಿನಲ್ಲಿ ೧೯೨೪ರಲ್ಲಿ ಹೋಟೆಲಾಗಿ ಆರಂಭವಾದ ಎಂ.ಟಿ.ಆರ್. ಸಂಸ್ಥೆ, ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗೆ ಕಟ್ಟು ಬಿದ್ದಾಗ, ಸಿದ್ಧ ಮಿಶ್ರಣಗಳ ಮಾರಾಟಕ್ಕೆ ತೊಡಗಿತು. ೨೦೦೭ರಲ್ಲಿ ಅದರ ಆಹಾರ ತಯಾರಿಕೆಯ ಕಂಪನಿಯನ್ನು ನಾರ್ವೆ ದೇಶದ ಆರ್ಕ್ಲಾ ಸಂಸ್ಥೆ ಕೊಂಡಿತು. ಒಡೆತನ ಸಮುದ್ರ ದಾಟಿದರೂ ಪೊಟ್ಟಣದ ಮೇಲಿನ ಮೂರಕ್ಷರದ ಹೆಸರು ಹಾಗೆಯೇ ಉಳಿಯಿತು. ಕೊಳ್ಳುವವರ ನಂಬಿಕೆ ಇರುವುದು ಆ ಹೆಸರಿನಲ್ಲಿ. ನಮ್ಮ ಸಂಘಕ್ಕೆ ಅಂಥ ಹೆಸರಿಲ್ಲ. ಪೊಟ್ಟಣದ ಮೇಲೆ ಏನು ಬರೆಯುತ್ತಾರೋ ಅದೇ ಬಂಡವಾಳ.

ಮೊದಲ ಚರ್ಚೆ ಎದ್ದದ್ದು ಕವರಿನ ವಿಷಯದಲ್ಲಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಹೊರಗೆ ಕಾಣಲೇಬೇಕೆಂದು ಹೆಂಗಸರು ಹಟ ಹಿಡಿದರು. ಆದರೆ ಬೆಳಕೂ ಗಾಳಿಯೂ ಆ ಕೆಂಪನ್ನೇ ತಿನ್ನುತ್ತವೆ. ಕೊತ್ತಂಬರಿ ಬೀಜ, ಜೀರಿಗೆಗಳ ಪರಿಮಳವೆಂಬುದು ಗಾಳಿಗೆ ಹಾರಿಹೋಗುವ ಎಣ್ಣೆ. ತೇವ ತಾಗಿದರೆ ಪುಡಿ ಗಂಟು ಕಟ್ಟುತ್ತದೆ. ಕೊಬ್ಬರಿ ಬೆರೆತದ್ದಾದರೆ ಬೇಗ ಕಮಟು ವಾಸನೆ ಬರುತ್ತದೆ. ಅಂದ ತೋರಿಸಲು ಹೋಗಿ ಅಂದವನ್ನೇ ಕಳೆದುಕೊಳ್ಳುವುದು ಬೇಡವೆಂದು, ಬೆಳಕು ತೂರದಂತೆ ಒಳಗೆ ಲೋಹದ ತೆಳುಪದರವಿರುವ ಕವರನ್ನೇ ಒಪ್ಪಿದರು.

ಆಮೇಲೆ ಬರವಣಿಗೆ. ತೂಕ, ಬೆಲೆ, ತಾರೀಖು, ಮಾಡಿದವರ ವಿಳಾಸ, ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ ಸಂಖ್ಯೆ, ಸಸ್ಯಾಹಾರವೆಂದು ಸೂಚಿಸುವ ಹಸಿರು ಚುಕ್ಕೆ, ಇವೆಲ್ಲ ಇರಲೇಬೇಕು. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ; ಗೋಧಿ ಒಗ್ಗದವರಿಗಾಗಿ ಅದನ್ನೂ ಹೇಳಬೇಕು. “ಸಾರಿನ ಪುಡೀಲಿ ಗೋಧಿ ಎಲ್ಲಿಂದ ಬಂತೋ!” ಎಂದು ಚಿಕ್ಕಮ್ಮ ಬೆರಗಾದರು.

ಪೇಟೆಯ ಮುದ್ರಕರೊಬ್ಬರು ಮಾದರಿ ಕಳುಹಿಸಿದರು. ಬಾಳೆಲೆಯ ದೊಡ್ಡ ಚಿತ್ರ, ಹೊಳೆಯುವ ಬಣ್ಣ, ಇಂಗ್ಲಿಷಿನಲ್ಲಿ “ರಸಂ ಪೌಡರ್” ಎಂಬ ಹೆಸರು. ಕನ್ನಡದ ಒಂದಕ್ಷರವೂ ಇಲ್ಲ. ಚಿಕ್ಕಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಚೆನ್ನಾಗೇನೋ ಐತೆ. ಆದ್ರೆ ನಾನು ಮಾಡಿದ ಪುಡೀನ ನಾನೇ ಇನ್ನೊಬ್ಬರ ಕೈಲಿ ಓದಿಸ್ಕೋಬೇಕಾ ಮಗ?” ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುದ್ರಕರು ತಮ್ಮ ಕಡೆಯಿಂದ ನ್ಯಾಯವಾದ ಮಾತನ್ನೇ ಆಡಿದರು: ಬೆಂಗಳೂರಿನಲ್ಲಿ ಕೊಳ್ಳುವವರೆಲ್ಲ ಕನ್ನಡ ಓದುವವರಲ್ಲ. ಪೊಟ್ಟಣದ ಸರಕುಗಳ ಬಗೆಗಿನ ಕೇಂದ್ರದ ೨೦೧೧ರ ನಿಯಮಗಳೂ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆನ್ನುತ್ತವೆ. ಬೇರೆ ಭಾಷೆ ಜೊತೆಗಿರಬಹುದು, ಅಷ್ಟೆ. ಆದರೆ ನಮ್ಮ ರಾಜ್ಯದ ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ಇಲ್ಲಿ ತಯಾರಾದ ಸರಕಿನ ಹೆಸರೂ ಬಳಸುವ ಸೂಚನೆಯೂ ಕನ್ನಡದಲ್ಲಿಯೂ ಇರಬೇಕು. ಇದನ್ನು ಪಾಲಿಸಬೇಕೆಂದು ಸರ್ಕಾರ ೨೦೨೫ರ ಫೆಬ್ರವರಿಯಲ್ಲಿ ಸೂಚನೆಯನ್ನೂ ಹೊರಡಿಸಿತು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹೆಸರು ಓದಲಾಗದಿದ್ದರೂ ಬಣ್ಣ ನೋಡಿ ಪೊಟ್ಟಣವನ್ನು ಗುರುತಿಸಬಹುದು. ಆದರೆ ಅಲ್ಲಿ ಅಚ್ಚಾದ ಎರಡು ತಾರೀಖುಗಳಲ್ಲಿ ಮಾಡಿದ್ದು ಯಾವುದು, ಮುಗಿಯುವುದು ಯಾವುದು ಎಂಬುದನ್ನು ಬಣ್ಣ ಹೇಳಲಾರದು. ಕನ್ನಡವೊಂದನ್ನೇ ಬಲ್ಲ ಗೃಹಿಣಿಗೆ ಅದು ತಿಳಿಯದಿದ್ದರೆ, ಇಡೀ ಮನೆಯವರ ಊಟವೇ ಊಹೆಯ ಮೇಲೆ ನಡೆದಂತೆ. ಆದ್ದರಿಂದ ಹೆಸರಷ್ಟೇ ಅಲ್ಲ, “ಈ ತಾರೀಖಿನೊಳಗೆ ಬಳಸಿ” ಎಂಬುದೂ ಕನ್ನಡದಲ್ಲಿರಬೇಕೆಂದು ಸಂಘದ ಮುಂದೆ ಹೇಳಿದೆ.

ನೂರು ಗ್ರಾಂ ಪೊಟ್ಟಣದಲ್ಲಿ ಎರಡು ಭಾಷೆಗೆ ಜಾಗವೆಲ್ಲಿ ಎಂದು ಮುದ್ರಕರು ಕೇಳಿದರು. ಹೆಂಗಸರು ಬಾಳೆಲೆಯನ್ನು ತೆಗೆಸಿದರು! ಎದುರಿಗೆ ದಪ್ಪಕ್ಷರದಲ್ಲಿ “ಸಾರಿನ ಪುಡಿ” ಬಂತು, ಅದರಡಿಯಲ್ಲಿ ಇಂಗ್ಲಿಷು, ಹಿಂದುಗಡೆ ಎರಡು ಭಾಷೆಯಲ್ಲೂ ವಿವರ.

ಹೊಸ ಅಂಗಿ ತೊಟ್ಟ ಪುಡಿ ಈಗ ಅಂಗಡಿ ಸೇರಿದೆ; ಲಾಭನಷ್ಟದ ಲೆಕ್ಕಕ್ಕೆ ಇನ್ನೂ ಕಾಲವಾಗಿಲ್ಲ. ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ಮುಂದಿನ ಸಲ ಮನೆಗೆ ಪುಡಿ ಕೊಳ್ಳುವಾಗ ಪೊಟ್ಟಣದ ಬೆನ್ನನ್ನೊಮ್ಮೆ ನೋಡಿ. ಒಲೆಯ ಮುಂದೆ ನಿಲ್ಲುವ ನಿಮ್ಮ ತಾಯಿಗೆ ಅದು ಓದಲು ಬರುವಂತಿದೆಯೆ?