ಪಾಳಿಯ ಲೆಕ್ಕ

ಸಂಕ್ರಾಂತಿಯ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ರಾಶಿ ಮುಗಿಯುತ್ತ ಬರುತ್ತದೆ. ಆಮೇಲೆ ಶುರುವಾಗುವುದು ಪಾಳಿ. 2017ರಲ್ಲಿ ಬೆಳೆ ಹೆಚ್ಚಾಗಿ ಪೇಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ, ಖರೀದಿ ಕೇಂದ್ರಗಳ ಮುಂದೆ ಚೀಲ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಮೊದಲು ಬಂದವರಿಗೆ ಮೊದಲು ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮುಂದೆ ನಿಂತವನು ನೂರಿಪ್ಪತ್ತು ಚೀಲ ತಂದಿದ್ದರೆ, ಹಿಂದೆ ಐದೇ ಚೀಲ ತಂದವನ ಪಾಡೇನು? ಅವನ ತೂಕ ಹತ್ತು ನಿಮಿಷದ ಕೆಲಸ, ಕಾಯುವುದು ಮಾತ್ರ ಇಡೀ ದಿನ. ಒಬ್ಬ ರೈತನಿಂದ ಇಷ್ಟೇ ಕ್ವಿಂಟಲ್ ಎಂದು ಸರ್ಕಾರ ಮಿತಿ ಹಾಕುವುದಕ್ಕೆ ಹಣದ, ಗೋದಾಮಿನ ಕಾರಣಗಳಿರಬಹುದು. ಆದರೂ ಆ ಮಿತಿಯೊಳಗೆ ಪಾಳಿಯ ನ್ಯಾಯವೂ ಒಂದಿಷ್ಟು ಅಡಗಿದೆ.

ಇದೇ ಊರುಗಳಿಂದ ಕಲಬುರಗಿಗೋ ಬೆಂಗಳೂರಿಗೋ ಕಂಪ್ಯೂಟರ್ ಎಂಜಿನಿಯರಿಂಗ್ ಓದಲು ಹೋದ ಮಕ್ಕಳು ನೆಟ್‌ವರ್ಕ್ ಪಾಠ ತೆರೆದರೆ ಅಲ್ಲಿರುವುದು ಅಪ್ಪ ನಿಂತ ಪಾಳಿಯೇ. ಪುಸ್ತಕದಲ್ಲಿ ತೊಗರಿಯ ಮಾತಿಲ್ಲವಾದ್ದರಿಂದ ಗುರುತು ಹಿಡಿಯುವವರು ಕಡಿಮೆ.

ಸಾವಿರಾರು ಕಂಪ್ಯೂಟರುಗಳನ್ನು ಕಪಾಟುಗಳಲ್ಲಿ ಜೋಡಿಸಿಟ್ಟ ಕಟ್ಟಡವೇ ಡೇಟಾ ಸೆಂಟರ್. ಅವುಗಳ ನಡುವೆ ಮಾಹಿತಿ ಪುಟ್ಟ ಪುಟ್ಟ ಪ್ಯಾಕೆಟ್ಟುಗಳಾಗಿ ಓಡಾಡುತ್ತದೆ. ದಾರಿ ತೋರಿಸುವ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು (ದೀಪದ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ). ಆಳಂದ, ಅಫಜಲಪುರ, ಜೇವರ್ಗಿಯ ರಸ್ತೆಗಳು ಕಲಬುರಗಿಯಲ್ಲಿ ಕೂಡುವ ಹಾಗೆ, ಹಲವು ತಂತಿಗಳಿಂದ ಬಂದ ಪ್ಯಾಕೆಟ್ಟುಗಳು ಒಂದೇ ಬಾಗಿಲಿನಿಂದ ಹೊರಡಬೇಕಾದಾಗ ಸ್ವಿಚ್ಚಿನ ಸ್ಮೃತಿಕೋಶದಲ್ಲಿ ಪಾಳಿ ಬೆಳೆಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನೇ ನೆನೆಯಿರಿ. ಹುಡುಗಿಯೊಬ್ಬಳ ಅಂಕಗಳ ಪುಟ ಕೆಲವೇ ಪ್ಯಾಕೆಟ್ಟುಗಳ ಬಾಬತ್ತು. ಅದರ ಮುಂದೆ ಯಾವುದೋ ದೊಡ್ಡ ಕಡತದ ಸಾವಿರಾರು ಪ್ಯಾಕೆಟ್ಟುಗಳು ನಿಂತಿದ್ದರೆ ಅದೂ ಕಾಯಬೇಕು. ಜಾಗ ತುಂಬಿದ್ದರೆ ಪ್ಯಾಕೆಟ್ಟನ್ನು ಬಿಸಾಡಲಾಗುತ್ತದೆ, ಮತ್ತೆ ಕಳುಹಿಸಬೇಕು.

ಹಾಗಾದರೆ ಜಾಗವನ್ನೇ ದೊಡ್ಡದು ಮಾಡಿದರಾಯಿತಲ್ಲ? 1985ರಲ್ಲಿ ಜಾನ್ ನೇಗಲ್ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಸ್ವಿಚ್ಚಿಗೆ ಕೊನೆಯೇ ಇಲ್ಲದ ಜಾಗ ಕೊಟ್ಟರೂ ಪಾಳಿ ಬೆಳೆಯುತ್ತಲೇ ಹೋಗಬಹುದು. ಸರದಿ ಬರುವ ವೇಳೆಗೆ ಪ್ಯಾಕೆಟ್ಟಿನ ಆಯುಷ್ಯವೇ ಮುಗಿದಿರುತ್ತದೆ. ಅವರು ಸೂಚಿಸಿದ ದಾರಿ ಬೇರೆ. ಕಳುಹಿಸುವ ಒಬ್ಬೊಬ್ಬರಿಗೂ ಪ್ರತ್ಯೇಕ ಪಾಳಿ, ಸುತ್ತಿಗೊಂದು ಪ್ಯಾಕೆಟ್.

ಇಲ್ಲೂ ಒಂದು ತೊಡಕಿತ್ತು. ಎಲ್ಲ ಪ್ಯಾಕೆಟ್ಟುಗಳೂ ಒಂದೇ ಗಾತ್ರದವಲ್ಲ. ಸುತ್ತಿಗೊಂದು ಚೀಲ ಎಂದರೆ ದೊಡ್ಡ ಚೀಲ ತಂದವನಿಗೇ ಲಾಭ. 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಮೂವರು ಗಾತ್ರವನ್ನೂ ಹಿಡಿದು ಲೆಕ್ಕ ಕಟ್ಟಿದರು. ಲೆಕ್ಕ ಸರಿಯಾಗಿತ್ತು, ಆದರೆ ವೇಗದ ಸ್ವಿಚ್ಚಿಗೆ ಭಾರವಾಗಿತ್ತು. 1995ರಲ್ಲಿ ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಕೊಟ್ಟ ಉಪಾಯ ಕಿರಾಣಿ ಅಂಗಡಿಯ ಬಾಕಿ ಪುಸ್ತಕದಷ್ಟು ಸರಳ. ಪ್ರತಿ ಸುತ್ತಿಗೂ ಒಬ್ಬೊಬ್ಬರಿಗೆ 500 ಬೈಟುಗಳ ಹಕ್ಕು ಎನ್ನೋಣ. 100 ಬೈಟಿನ ಪ್ಯಾಕೆಟ್ಟುಗಳಿರುವವನು ಸುತ್ತಿಗೆ ಐದನ್ನು ಕಳುಹಿಸುತ್ತಾನೆ. 1,500 ಬೈಟಿನ ಪ್ಯಾಕೆಟ್ ತಂದವನಿಗೆ ಮೊದಲೆರಡು ಸುತ್ತು ಏನೂ ಇಲ್ಲ. ಆ ಹಕ್ಕು ಅವನ ಹೆಸರಲ್ಲಿ ಜಮೆಯಾಗಿ ಮೂರನೆಯ ಸುತ್ತಿಗೆ ಪ್ಯಾಕೆಟ್ ಹೊರಡುತ್ತದೆ. ಮೂರು ಸುತ್ತಿಗೆ ಇಬ್ಬರಿಗೂ 1,500. ಪಾಳಿ ಖಾಲಿ ಮಾಡಿ ಹೋದವನ ಜಮೆ ಸೊನ್ನೆಯಾಗುತ್ತದೆ, ನಾಳೆ ಬಂದು ಹಳೆಯ ಹಕ್ಕು ಕೇಳುವಂತಿಲ್ಲ. ಈ ಕಟ್ಟುನಿಟ್ಟೇ ಉಪಾಯದ ಜೀವಾಳ.

ಪಾಳಿ ಬೆಳೆಯದಂತೆ ತಡೆಯುವುದು ಇನ್ನೊಂದು ಕಥೆ. 2010ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು ಡೇಟಾ ಸೆಂಟರಿಗಾಗಿಯೇ ರೂಪಿಸಿದ ವಿಧಾನದಲ್ಲಿ, ಪಾಳಿ ಒಂದು ಗೆರೆ ದಾಟಿದ ಕೂಡಲೇ ಸ್ವಿಚ್ಚು ಪ್ಯಾಕೆಟ್ಟಿನ ಮೇಲೆ ಗುರುತು ಹಾಕುತ್ತದೆ. ಸುದ್ದಿ ಮುಟ್ಟಿದ ಕಂಪ್ಯೂಟರು ತನ್ನ ವೇಗ ತಗ್ಗಿಸುತ್ತದೆ. “ಇಲ್ಲಿ ಪಾಳಿ ಭಾಳ ಅದ, ಟ್ರ್ಯಾಕ್ಟರ್ ಈಗ ತರಬ್ಯಾಡ್ರಿ” ಎಂದು ಕೇಂದ್ರದಿಂದ ಊರಿಗೆ ಫೋನು ಹೋದ ಹಾಗೆ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಯಂತ್ರಕ್ಕೆ ಬಗೆಹರಿಯುವುದಿಲ್ಲ. ಒಬ್ಬರು ಎಂದರೆ ಯಾರು? ಸಂಪರ್ಕಕ್ಕೊಂದು ಪಾಳಿ ಎಂದು ಎಣಿಸಿದರೆ, ಒಮ್ಮೆಗೇ ಹತ್ತು ಸಂಪರ್ಕ ತೆರೆಯುವ ತಂತ್ರಾಂಶ ಸ್ವಿಚ್ಚಿನ ಕಣ್ಣಿಗೆ ಹತ್ತು ಜನ. ಅಂಕಗಳಿಗಾಗಿ ಕಾದಿರುವ ಹುಡುಗಿ ಒಬ್ಬಳೇ. ತೊಗರಿ ಕೇಂದ್ರದಲ್ಲೂ ಹೀಗೆಯೇ. ಒಂದೇ ಮನೆಯ ಹೊಲ ನಾಲ್ಕು ಹೆಸರಿನ ಪಹಣಿಯಲ್ಲಿದ್ದರೆ ನಾಲ್ಕು ಮಿತಿ. ಬೇರೆಯವರ ಹೊಲ ಲಾವಣಿಗೆ ಮಾಡುವವನ ಹೆಸರು ಎಷ್ಟೋ ವೇಳೆ ಪಹಣಿಯಲ್ಲಿ ಇರುವುದೇ ಇಲ್ಲ. ಅವನ ಐದು ಚೀಲ ಪಾಳಿಗೆ ಬರದೆ ಊರಲ್ಲೇ ದಲ್ಲಾಳಿಯ ತಕ್ಕಡಿಗೆ ಹೋಗುತ್ತವೆ.