ಕೊನೆಯ ಅಂಕಿ

ಹೋದ ದೀಪಾವಳಿಗೆ ಅಮೆರಿಕದಿಂದ ಬಂದ ಮಗ ನನಗೊಂದು ಗೂಡ್ಸ್ ವ್ಯಾಗನ್ ಮಾಡೆಲ್ ತಂದುಕೊಟ್ಟ. ಎಚ್‌ಓ ಸ್ಕೇಲ್, ಅಂದರೆ ಅಸಲಿನ 87ನೇ ಒಂದು ಭಾಗ. ಚೆಂದ ಇತ್ತು. ಆದರೆ ಮೈಮೇಲೆ ಅಲ್ಲಿಯ ಯಾವುದೋ ರೈಲ್ವೆಯ ಹೆಸರು! ನನಗೆ ಬೇಕಿದ್ದದ್ದು ನಮ್ಮ ಬಾಕ್ಸ್‌ಎನ್, ವಾಡಿ ಯಾರ್ಡಿಗೆ ಕಲ್ಲಿದ್ದಲು ಹೊತ್ತು ಬರುತ್ತಿದ್ದದ್ದು.

ಅಪ್ಪ ಅಲ್ಲಿ ಟ್ರೇನ್ಸ್ ಕ್ಲರ್ಕ್. ಗಾಡಿ ಬಂದು ನಿಂತರೆ ಉದ್ದಕ್ಕೂ ನಡೆದು ಪ್ರತಿ ವ್ಯಾಗನ್ನಿನ ನಂಬರು ಬರೆದುಕೊಳ್ಳಬೇಕು. ರಜೆಯಲ್ಲಿ ನಾನು ಓದಿ ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಒಮ್ಮೆ 3 ಇದ್ದದ್ದನ್ನು 8 ಅಂದುಬಿಟ್ಟೆ. ಅವರಿಗೆ ಅದು ಆಫೀಸಿನಲ್ಲಿ ಗೊತ್ತಾಯಿತು. ಬೈಯಲಿಲ್ಲ. ಮಳೆಯಲ್ಲೇ ಮತ್ತೊಮ್ಮೆ ಇಡೀ ಗಾಡಿ ನಡೆದು ಬಂದರು.

ಸರಿ, ಡೊಂಬಿವಲಿಯ ಊಟದ ಟೇಬಲ್ಲೇ ವರ್ಕ್‌ಶಾಪ್ ಆಯಿತು. ಬಾಕ್ಸ್‌ಎನ್ ಉದ್ದ 10.7 ಮೀಟರ್, 87ರಿಂದ ಭಾಗಿಸಿದರೆ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ. ಮಗ ತಂದದ್ದು ಹದಿನೆಂಟು! ನಡುವೆ ಆರು ಸೆಂಟಿಮೀಟರ್ ಕತ್ತರಿಸಿ ಎರಡು ತುದಿ ಅಂಟಿಸಿದೆ. ಮೊದಲ ಸಲ ಗರಗಸ ಓರೆಯಾಯಿತು, ಉಜ್ಜಿ ಸರಿಮಾಡಲು ಎರಡು ಭಾನುವಾರ ಹೋದವು. ಗೋಡೆ ಗಿಡ್ಡ ಇತ್ತು, ಪ್ಲಾಸ್ಟಿಕ್ ಹಾಳೆ ಅಂಟಿಸಿ ಎತ್ತರಿಸಿದೆ. ಹೊರಗಿನ ನಿಲುವುಪಟ್ಟಿಗಳ ಅಂತರಕ್ಕಾಗಿ ಠಾಕುರ್ಲಿಯಲ್ಲಿ ನಿಂತು ಗೂಡ್ಸ್ ಗಾಡಿ ನೋಡಿದೆ. ಬೋಗಿ ಬದಲಿಸಬೇಕಾಗಲಿಲ್ಲ, ನಮ್ಮ ಕ್ಯಾಸ್ನಬ್ ಬೋಗಿಯೂ ಅಮೆರಿಕದವರ ಮೂರು ತುಂಡಿನ ಎರಕದ ಜಾತಿಯದೇ. ಗೇಜಿನಲ್ಲಿ ಮಾತ್ರ ಒಂದು ಸುಳ್ಳು ಉಳಿಯಿತು. ಎಚ್‌ಓ ಹಳಿ 16.5 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜಿಗೆ 19.3 ಬೇಕು. ಇರಲಿ ಬಿಡಿ.

ಮಣ್ಣುಗೆಂಪು ಬಣ್ಣ ಬಳಿದೆ. ಒಣಗಿದ ಮೇಲೆ ಇದ್ದಿಲು ಕುಟ್ಟಿ ಬ್ರಶ್ಶಿನಲ್ಲಿ ಒಳಮೈಗೆ ಉಜ್ಜಿದೆ. ಬೆರಳೆಲ್ಲ ಕಪ್ಪು. ಅಪ್ಪನ ಬೆರಳು ಹೀಗೇ ಇರುತ್ತಿತ್ತು.

ಕೊನೆಗೆ ನಂಬರು. ಅಪ್ಪನ ಕಾಲದಲ್ಲಿ ಇಷ್ಟುದ್ದ ಇರಲಿಲ್ಲ, ಈಗ ಹನ್ನೊಂದು ಅಂಕಿ. ಮೊದಲೆರಡು ವ್ಯಾಗನ್ ಜಾತಿ, ಮುಂದಿನೆರಡು ಯಾವ ರೈಲ್ವೆ, ಮತ್ತೆರಡು ತಯಾರಾದ ವರ್ಷ, ನಾಲ್ಕು ಕ್ರಮಸಂಖ್ಯೆ, ಕೊನೆಯದು ಚೆಕ್ ಡಿಜಿಟ್. ನಾನು ಆರಿಸಿದ್ದು 10 01 88 1964. 01 ಸೆಂಟ್ರಲ್ ರೈಲ್ವೆ, 88 ನಾನು ಬಿಕಾಂ ಮುಗಿಸಿ ವಾಡಿ ಬಿಟ್ಟ ವರ್ಷ, 1964 ಅಪ್ಪ ನೌಕರಿಗೆ ಸೇರಿದ ವರ್ಷ. ಕೊನೆಗೆ ಏನೋ ಒಂದು ಅಂತ 3 ಬರೆದೆ.

ರಾತ್ರಿ ನಿದ್ದೆ ಬರಲಿಲ್ಲ ನೋಡಿ! ಬ್ಯಾಂಕಿನವನಲ್ಲವೇ, ಎದ್ದು ಲೆಕ್ಕ ಹಾಕಿದೆ. ಸಮಸ್ಥಾನದ ಅಂಕಿಗಳ ಮೊತ್ತ 22, ಮೂರರಿಂದ ಗುಣಿಸಿದರೆ 66. ಬೆಸಸ್ಥಾನದ್ದು 16. ಒಟ್ಟು 82. ಮುಂದಿನ ಹತ್ತರ ಗುಣಕ 90. ಉಳಿದದ್ದು 8.

ಈ ಸಲ 8 ಇರಬೇಕಾದಲ್ಲಿ 3 ಬರೆದಿದ್ದೆ.

ಕೆರೆದು ತಿದ್ದಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಹನ್ನೊಂದೂ ಅಂಕಿಯನ್ನು ಮೊದಲಿನಿಂದ ನಿಧಾನಕ್ಕೆ, ಎದುರಿಗೆ ಯಾರೋ ಬರೆದುಕೊಳ್ಳುತ್ತಿದ್ದಾರೇನೋ ಅನ್ನುವಂತೆ, ಗಟ್ಟಿಯಾಗಿ ಓದಿದೆ.