ಕಂಪೌಂಡಿನ ಆಚೆ ನಿಂತ ಹುಡುಗ

2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನ ಕಾರಣ ಶಾಲೆಗಳ ಬಾಗಿಲು ಮುಚ್ಚಿದವು. ಮುಂದೆ ಪಾಠಗಳು ಮೊಬೈಲಿನ ಪರದೆಗೆ ಬಂದವು. ನಾನಿರುವ ಹಾವೇರಿಯ ಗುರುನಿವಾಸಕ್ಕೆ ಆಗಲೇ ಬ್ರಾಡ್‌ಬ್ಯಾಂಡ್ ಸಂಪರ್ಕವಿತ್ತು. ಒಂದು ಸಂಜೆ ನೆರೆಯ ಹುಡುಗನೊಬ್ಬ ಕಂಪೌಂಡಿನ ಆಚೆ ನಿಂತು ಕೇಳಿದ: “ಫಾದರ್, ನಿಮ್ಮ ವೈಫೈ ಪಾಸ್‌ವರ್ಡ್ ಕೊಡ್ರಿ. ನಮ್ಮ ಫೋನಿನ ಡಾಟಾ ಮುಗದೈತ್ರಿ, ಪಾಠ ಅರ್ಧಕ್ಕ ನಿಂತೈತಿ.”

ನಾನು ಕೊಡಲಿಲ್ಲ. “ಕಚೇರಿಯ ಕಡತಗಳಿವೆ, ಹಾಗೆಲ್ಲ ಕೊಡಲಾಗದಪ್ಪಾ” ಎಂದೆ. ಅವನು ಮರುಮಾತನಾಡದೆ ಹೊರಟುಹೋದ. ನಾನು ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ. ಧರ್ಮಕೇಂದ್ರದ ದಾಖಲೆಗಳಿದ್ದ ಗಣಕಯಂತ್ರವೂ ಅದೇ ಜಾಲದಲ್ಲಿತ್ತು. ಆದರೆ ಬೇರೆ ದಾರಿಯೇನಾದರೂ ಇದೆಯೇ ಎಂದು ನಾನು ಯಾರನ್ನೂ ವಿಚಾರಿಸಲಿಲ್ಲ.

ಕೆಲವು ತಿಂಗಳ ಬಳಿಕ ರೂಟರ್ ದುರಸ್ತಿಗೆಂದು ರಾಣೆಬೆನ್ನೂರಿನಿಂದ ಬಂದ ಯುವಕನೊಡನೆ ಈ ಸಂಗತಿ ಪ್ರಸ್ತಾಪಿಸಿದೆ. ಅವನು ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವನ್ನು ತೋರಿಸಿಕೊಟ್ಟ. ಅದು ಮನೆಯ ಜಗುಲಿಯಿದ್ದಂತೆ. ಬಂದವರು ಅಲ್ಲಿಂದಲೇ ಅಂತರಜಾಲ ಬಳಸಬಹುದು. ಒಳಮನೆಯ ಗಣಕಯಂತ್ರ ಅವರಿಗೆ ಕಾಣಿಸದು. ಅದಕ್ಕೆ ಬೇರೆಯೇ ಹೆಸರು, ಬೇರೆಯೇ ಪಾಸ್‌ವರ್ಡ್, ಬೇಕೆನಿಸಿದಾಗ ಬದಲಾಯಿಸಲೂಬಹುದು. ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯಿತು. ಹುಡುಗನನ್ನು ಹುಡುಕಿಕೊಂಡು ಹೋದೆ. ಮನೆಗೆ ಬೀಗವಿತ್ತು. ದುಡಿಮೆ ಅರಸಿ ಅವರು ಬೇರೆ ಊರಿಗೆ ಹೋಗಿದ್ದರು.

ಅಂದಿನಿಂದ ಮನೆಗಳಿಗೆ ಭೇಟಿಯಿತ್ತಾಗ ರೂಟರ್ ಎಲ್ಲಿದೆಯೆಂದು ಗಮನಿಸುವುದು ನನಗೆ ರೂಢಿಯಾಗಿದೆ. ಬ್ಯಾಡಗಿಯ ಹಳೆಯ ಮನೆಯೊಂದರಲ್ಲಿ ಅದು ಮೊಮ್ಮಗನ ಕೋಣೆಯ ಕಬ್ಬಿಣದ ಕಪಾಟಿನ ಹಿಂದಿತ್ತು. ಪಡಸಾಲೆಯಲ್ಲಿ ಕೂರುವ ಅಜ್ಜಿಗೆ ದೂರದೇಶದ ಮಗಳ ಮುಖ ತುಣುಕು ತುಣುಕಾಗಿ ಕಾಣುತ್ತಿತ್ತು. ಕಬ್ಬಿಣವೂ ದಪ್ಪ ಗೋಡೆಯೂ ವೈಫೈ ಅಲೆಗಳನ್ನು ತಡೆಯುತ್ತವೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು. ಗೋಡೆ ದಾಟುವ ಶಕ್ತಿ 2.4 ಗಿಗಾಹರ್ಟ್ಸ್ ಅಲೆಗೆ ಹೆಚ್ಚು. ರೂಟರನ್ನು ನಡುಮನೆಯ ಎತ್ತರದ ಹಲಗೆಗೆ ಏರಿಸಿದೆವು. “ಈಗ ಮಗಳ ಮಾರಿ ಚೊಲೊ ಕಾಣತೈತ್ರಿ ಫಾದರ್” ಎಂದು ಅಜ್ಜಿ ಹಿಗ್ಗಿದರು. ಮೊಮ್ಮಗನ ಓದಿಗೂ ಕೊರತೆಯಾಗಲಿಲ್ಲ.

ನಮ್ಮ ದೇಶದ 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್ ಎನಿಸುತ್ತಿತ್ತು. 2023ರಲ್ಲಿ ಆ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು. ವೇಗವನ್ನು ಹೆಚ್ಚಿಸುವವರು ಎಲ್ಲೋ ಇದ್ದಾರೆ. ಅದು ಮನೆಯ ಯಾವ ಮೂಲೆಯವರೆಗೆ, ಯಾರ ಕೈಯವರೆಗೆ ತಲುಪಬೇಕೆಂಬುದನ್ನು ನಿರ್ಧರಿಸುವವರು ಮಾತ್ರ ನಾವೇ.

ಈಗ ಪರೀಕ್ಷೆಯ ದಿನಗಳಲ್ಲಿ ನಾಲ್ಕಾರು ಮಕ್ಕಳು ಗುರುನಿವಾಸದ ಜಗುಲಿಯಲ್ಲಿ ಕುಳಿತು ಓದುತ್ತಾರೆ. ಕಂಪೌಂಡಿನ ಆಚೆ ಯಾರಾದರೂ ನಿಂತದ್ದು ಕಂಡರೆ ಕೇಳುವವರೆಗೆ ಕಾಯುವುದಿಲ್ಲ. ನಾನೇ ಎದ್ದುಹೋಗಿ ಗೇಟು ತೆರೆದು, “ಒಳಗ ಬಾರಪ್ಪಾ” ಎನ್ನುತ್ತೇನೆ.